ಮನೆಬಾಗಿಲಿಗೆ ಬರುವವಳ ಕಲಿಕೆ
(ಮಾತೆ ಮರಿಯಮ್ಮನವರ ಸಂದರ್ಶನದ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಮೇ ತಿಂಗಳಿಡೀ ನಮ್ಮ ಬೀದಿಗಳಲ್ಲಿ, ಮನೆಮನೆಗಳಲ್ಲಿ ಜಪಸರ ನಡೆಯಿತು. ಇಂದು ಅದರ ಮುಕ್ತಾಯದ ದಿನವೂ ಹೌದು, ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರ ಮನೆಗೆ ಹೋದ ಸಂದರ್ಶನದ ಹಬ್ಬವೂ ಹೌದು. ಈ ಹಬ್ಬ ಜುಲೈ 2ರಂದು ಬರುತ್ತಿದ್ದುದು ನಿಮ್ಮಲ್ಲಿ ತೀರಾ ಹಿರಿಯರಾದ ಕೆಲವರಿಗೆ ನೆನಪಿರಬಹುದು. 1969ರಲ್ಲಿ ಧರ್ಮಸಭೆಯ ಪಂಚಾಂಗವನ್ನು ಪರಿಷ್ಕರಿಸಿದಾಗ ಅದನ್ನು ಮೇ 31ಕ್ಕೆ ತಂದರು. ಮಾತೆಯ ತಿಂಗಳು ಒಂದು ಪ್ರಯಾಣದೊಂದಿಗೆ ಮುಗಿಯುವುದು ನನಗೆ ಬಹಳ ಹಿಡಿಸುತ್ತದೆ.

ಸಂತ ಲೂಕರ ಶುಭಸಂದೇಶದಲ್ಲಿ ಈಗ ತಾನೇ ಕೇಳಿದ ಕಥೆ ಚಿಕ್ಕದು. ದೇವದೂತರಿಂದ ಸುದ್ದಿ ತಿಳಿದ ಮೇಲೆ ಮರಿಯಮ್ಮನವರು ತಡಮಾಡದೆ ಗುಡ್ಡಗಾಡಿನ ದಾರಿ ಹಿಡಿಯುತ್ತಾರೆ. ಅಲ್ಲಿ ವಯಸ್ಸು ಮೀರಿದ ಮೇಲೆ ಬಸುರಾದ ಬಂಧು ಇದ್ದಾರೆ, ಅವರಿಗೆ ಆರನೆಯ ತಿಂಗಳು. ಮರಿಯಮ್ಮನವರು ಸುಮಾರು ಮೂರು ತಿಂಗಳು ಅಲ್ಲೇ ಉಳಿಯುತ್ತಾರೆ. ಆರಕ್ಕೆ ಮೂರು ಸೇರಿಸಿದರೆ ಎಷ್ಟಾಯಿತೆಂದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಿಲ್ಲ. ಆ ಮೂರು ತಿಂಗಳಲ್ಲಿ ಅವರು ಏನೇನು ಮಾಡಿದರೆಂದು ಲೂಕರು ಬರೆದಿಲ್ಲ. ನೀರು ಸೇದಿರಬಹುದು, ಹಿಟ್ಟು ಬೀಸಿರಬಹುದು, ರಾತ್ರಿ ಕಾಲು ಒತ್ತಿರಬಹುದು. ಆದರೆ ಒಂದು ಸಂಗತಿ ಸ್ಪಷ್ಟವಾಗಿದೆ. ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತು ವಂದನೆ ಹೇಳಿದಾಗ ಆ ಮನೆಯ ಹಿರಿಯರು "ನಿನಗೇನು ಗೊತ್ತು, ಹೋಗಮ್ಮ" ಎನ್ನಲಿಲ್ಲ. ಕೂಗಿ ಕರೆದು ಬರಮಾಡಿಕೊಂಡರು.

ನಮ್ಮ ಊರಿನ ಬೀದಿಯಲ್ಲೂ ಹೀಗೆ ನಡೆದು ಬರುವವಳೊಬ್ಬಳಿದ್ದಾಳೆ. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಚೀಲದಲ್ಲಿ ಓ.ಆರ್.ಎಸ್. ಪುಡಿ, ಕಬ್ಬಿಣಾಂಶದ ಮಾತ್ರೆ, ದಪ್ಪನೆಯ ರಿಜಿಸ್ಟರ್. ಆಶಾ ಕಾರ್ಯಕರ್ತೆ ಎಂದರೆ ಯಾರೆಂದು ಮಕ್ಕಳಿಗೂ ಗೊತ್ತು. ಅವಳ ಹೆಸರು ಗೊತ್ತಿಲ್ಲದ ಮನೆಯೂ ಇರಬಹುದು, ಆದರೆ ಅವಳು ಮೆಟ್ಟಿಲು ತುಳಿಯದ ಮನೆ ಇಲ್ಲ. 2005ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವನ್ನು ಆರಂಭಿಸಿದಾಗ ಸಾವಿರ ಜನಕ್ಕೆ ಒಬ್ಬರಂತೆ ಇವರನ್ನು ನೇಮಿಸುವ ಯೋಜನೆ ಬಂತು. ಅದೇ ಊರಿನವಳಾಗಿರಬೇಕು, ಮದುವೆಯಾದವಳು, ವಿಧವೆ ಅಥವಾ ಗಂಡನಿಂದ ಬೇರೆಯಾದವಳು ಆಗಿರಬೇಕು, ಎಂಟನೆಯ ತರಗತಿಯಾದರೂ ಓದಿರಬೇಕು ಎಂದು ನಿಯಮ ಮಾಡಿದರು. ಇಂದು ನಮ್ಮ ಕರ್ನಾಟಕದಲ್ಲೇ ಇಂಥವರು ಸುಮಾರು 42 ಸಾವಿರ ಮಂದಿ ಇದ್ದಾರೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರೆಲ್ಲರನ್ನೂ ಒಟ್ಟಾಗಿ ತನ್ನ ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. ಪತ್ರಿಕೆಗಳಲ್ಲಿ ಫೋಟೋ ಬಂತು, ನಾವೂ ಹೊಗಳಿದೆವು.

ಹೊಗಳುವುದು ಸುಲಭ. ಇಂದು ನಾನು ಕೇಳಬೇಕೆಂದಿರುವುದು ಬೇರೆ ಪ್ರಶ್ನೆ. ಇವಳಿಗೆ ಕಲಿಸುವವರು ಯಾರು? ಎಷ್ಟು ದಿನ ಕಲಿಸಿದರು? ಕಲಿತದ್ದನ್ನು ಹೇಳಲು ಬಂದಾಗ ಕೇಳುವವರು ಯಾರು?

ಹಬ್ಬದ ದಿನ ಇದೇನು ಫಾದರ್ ಎಂದು ಕೆಲವರಿಗೆ ಅನ್ನಿಸಬಹುದು. "ಸೇವೆಗೆ ಒಳ್ಳೆಯ ಮನಸ್ಸಿದ್ದರೆ ಸಾಕು" ಎಂಬ ಮಾತು ನಮ್ಮ ಬಾಯಲ್ಲಿ ಬಹಳ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹುಟ್ಟಿ ಹದಿನೈದು ದಿನವಾದ ಕೂಸು ಹಾಲು ಕುಡಿಯುತ್ತಿಲ್ಲ, ಸುಮ್ಮನೆ ಮಲಗಿದೆ ಎಂದುಕೊಳ್ಳಿ. ಒಳ್ಳೆಯ ಮನಸ್ಸಿನ ಅಕ್ಕಪಕ್ಕದವರು ಹತ್ತು ಜನ ಬರುತ್ತಾರೆ. ಒಬ್ಬರು ದೃಷ್ಟಿ ತೆಗೆಯುತ್ತಾರೆ, ಒಬ್ಬರು ಬಜೆ ತೇಯ್ದು ನೆಕ್ಕಿಸುತ್ತಾರೆ, ಇನ್ನೊಬ್ಬರು ಸಕ್ಕರೆ ನೀರು ಹಾಕುತ್ತಾರೆ. ಯಾರ ಮನಸ್ಸಿನಲ್ಲೂ ಕೇಡಿಲ್ಲ. ಕಲಿತವಳು ಮಾತ್ರ ಕೂಸಿನ ಅಂಗಿ ಎತ್ತಿ ಎದೆ ನೋಡುತ್ತಾಳೆ, ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ಉಸಿರು ಎಣಿಸುತ್ತಾಳೆ. ಎರಡು ತಿಂಗಳೊಳಗಿನ ಮಗುವಿನ ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಪಾಯದ ಗುರುತು. ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50, ಆಮೇಲೆ ಐದು ವರ್ಷದವರೆಗೆ 40. ಈ ಮೂರು ಅಂಕಿ ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ನಡುವೆ ಒಂದು ಮಗುವಿನ ಜೀವವೇ ಇರಬಹುದು.

ಈ ಕೆಲಸವನ್ನು ಓದುಬರಹ ಬಾರದ ಹೆಂಗಸರೂ ಕಲಿಯಬಲ್ಲರೆಂದು ತೋರಿಸಿದ್ದು ಮಹಾರಾಷ್ಟ್ರದ ಗಡ್‌ಚಿರೋಲಿ ಎಂಬ ಕಾಡು ಜಿಲ್ಲೆ. ಅಭಯ್ ಬಂಗ್, ರಾಣಿ ಬಂಗ್ ಎಂಬ ವೈದ್ಯ ದಂಪತಿ ಅಲ್ಲಿನ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಅಲ್ಲಿನ ಸೂಲಗಿತ್ತಿಯರಿಗೆ ಹನ್ನೆರಡರಿಂದ ಆಚೆಗೆ ಎಣಿಸಲು ಬರುತ್ತಿರಲಿಲ್ಲ. ಅರವತ್ತು ಎಣಿಸುವುದು ಹೇಗೆ? "ಇವರಿಂದ ಆಗದು" ಎಂದು ವೈದ್ಯರು ಕೈಬಿಡಲಿಲ್ಲ. ಮರದ ಹಲಗೆಗೆ ಮಣಿಗಳನ್ನು ಪೋಣಿಸಿ, ಒಂದು ನಿಮಿಷದಲ್ಲಿ ಮರಳು ಸುರಿದು ಮುಗಿಯುವ ಗಾಜಿನ ಗಡಿಯಾರವನ್ನು ಅದಕ್ಕೆ ಸೇರಿಸಿದರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂತೋ, ಕೂಸಿಗೆ ನ್ಯುಮೋನಿಯ. ನಮ್ಮ ಜಪಸರದಲ್ಲೂ ಹತ್ತು ಹತ್ತರ ಲೆಕ್ಕವೇ ಇದೆಯಲ್ಲ, ಇದನ್ನು ಓದಿದಾಗ ನನಗೆ ಅದೇ ನೆನಪಾಯಿತು. ಮುಂದೆ ಅದೇ ಹಳ್ಳಿಗಳಲ್ಲಿ ಹೆಂಗಸರನ್ನು ಆರಿಸಿ, ಬಾಣಂತಿಯ ಮನೆಗೇ ಹೋಗಿ ಕೂಸನ್ನು ನೋಡಿಕೊಳ್ಳುವ ತರಬೇತಿ ಕೊಟ್ಟರು. ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಸಾವು, ಈ ಸೇವೆಯಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ, ಶೇಕಡಾ 62ರಷ್ಟು ಕಡಿಮೆಯಾಗಿತ್ತು. 1999ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಿಂದ ದೇಶದ ಆಶಾ ಕಾರ್ಯಕರ್ತೆಯರೆಲ್ಲ ಹೆರಿಗೆಯಾದ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನ ಬಾಣಂತಿಯ ಮನೆಗೆ ಹೋಗಬೇಕೆಂಬ ಪದ್ಧತಿ ಬಂದದ್ದು ಇದರ ಫಲವಾಗಿಯೇ. ಆ ಆರು ಭೇಟಿಗೂ ಸೇರಿ ಆಗ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಭಾಗಿಸಿ ನೋಡಿ.

ಗಡ್‌ಚಿರೋಲಿಯಲ್ಲಿ ಕಲಿಯುವವಳನ್ನು ನೋಡಿ ಪಾಠವನ್ನು ಬದಲಿಸಿದರು. ಪಾಠಕ್ಕೆ ತಕ್ಕ ಹಾಗೆ ಅವಳು ಬದಲಾಗಲಿ ಎಂದು ಕಾಯುತ್ತ ಕೂರಲಿಲ್ಲ. ನಮ್ಮ ಅನೇಕ ತರಬೇತಿಗಳಲ್ಲಿ ಕಾಣದಿರುವುದು ಇದೇ.

ಅದೇ ಮಹಾರಾಷ್ಟ್ರದ ಜಾಮ್‌ಖೇಡ್‌ನಲ್ಲಿ ಇದಕ್ಕೂ ಮೊದಲೇ, 1970ರಲ್ಲಿ, ರಜನಿಕಾಂತ್ ಮತ್ತು ಮೇಬಲ್ ಆರೋಳೆ ಎಂಬ ಕ್ರೈಸ್ತ ವೈದ್ಯ ದಂಪತಿ ಕೆಲಸ ಆರಂಭಿಸಿದ್ದರು. ಇಬ್ಬರೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಮೊದಲು ಹೊರಗಿನಿಂದ ಬಂದ ನರ್ಸುಗಳನ್ನು ಹಳ್ಳಿಗಳಲ್ಲಿ ಇರಿಸಲು ನೋಡಿದರು, ಅದು ಹೊಂದಲಿಲ್ಲ. ಆಮೇಲೆ ಹಳ್ಳಿಯವರೇ ತಮ್ಮೂರ ಹೆಂಗಸೊಬ್ಬಳನ್ನು ಆರಿಸಿ ಕಳಿಸಿದರು. ಬಹುಪಾಲು ಅಕ್ಷರ ಕಲಿಯದವರು, ದಲಿತ ಕೇರಿಯವರೂ ಇದ್ದರು. ಅಲ್ಲಿನ ತರಬೇತಿ ಒಂದು ಸಲ ನಡೆದು ಮುಗಿಯುವಂಥದ್ದಾಗಿರಲಿಲ್ಲ. ವಾರವಾರವೂ ಬರಬೇಕು, ಆ ವಾರ ಕಂಡದ್ದನ್ನು ಹೇಳಬೇಕು, ಎಲ್ಲಿ ತೊಡಕಾಯಿತೆಂದು ಬಿಚ್ಚಿಡಬೇಕು, ಹೊಸದೊಂದನ್ನು ಕಲಿತು ಹೋಗಬೇಕು. ರಾತ್ರಿ ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಬೇರೆ ಬೇರೆ ಜಾತಿಯ ಹೆಂಗಸರು ಒಬ್ಬರಿಗೊಬ್ಬರು ಕಲಿಸಿಕೊಂಡರು. 1979ರಲ್ಲಿ ಆರೋಳೆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇದಕ್ಕೆ ತಿರುವುಮುರುವಾದ ಕಥೆಯೂ ನಮ್ಮ ದೇಶದಲ್ಲೇ ಇದೆ. 1977ರ ಅಕ್ಟೋಬರ್ 2ರಂದು ಜನತಾ ಸರ್ಕಾರ ಸಾವಿರ ಜನಕ್ಕೊಬ್ಬ ಸಮುದಾಯ ಆರೋಗ್ಯ ಕಾರ್ಯಕರ್ತನನ್ನು ಕೊಡುವ ಯೋಜನೆ ತಂದಿತು. ಮೂರು ತಿಂಗಳ ತರಬೇತಿ, ಆಮೇಲೆ ತಿಂಗಳಿಗೆ 50 ರೂಪಾಯಿ ಗೌರವಧನ. ಆರಿಸಿದ್ದು ಹೆಚ್ಚಾಗಿ ಗಂಡಸರನ್ನು. ಬಸುರಿ ಬಾಣಂತಿಯರ ಮನೆಯ ಒಳಕೋಣೆಗೆ ಅವರು ಹೋಗುವುದಾದರೂ ಹೇಗೆ? ತರಬೇತಿ ಮುಗಿದ ಮೇಲೆ ಅವರನ್ನು ಮತ್ತೆ ಕೂರಿಸಿ ಕಲಿಸುವ ಏರ್ಪಾಡು ಸಡಿಲವಾಗಿತ್ತು. ಮಾತ್ರೆ ಕೊಡುವುದು ಉಳಿಯಿತು, ತಿಳಿಹೇಳುವುದು ಹಿಂದೆ ಬಿತ್ತು. ಮೊದಲು ಕಾರ್ಯಕರ್ತ ಎಂದವರನ್ನು ಆಮೇಲೆ ಸ್ವಯಂಸೇವಕ ಎಂದರು, 1981ರಲ್ಲಿ ಗ್ರಾಮ ಆರೋಗ್ಯ ಮಾರ್ಗದರ್ಶಿ ಎಂದರು. ಹೆಸರು ಬದಲಾಯಿಸಿದ್ದರಿಂದ ಯೋಜನೆ ಚೇತರಿಸಿಕೊಳ್ಳಲಿಲ್ಲ.

ಈಗಿನ ಆಶಾ ಯೋಜನೆ ಈ ವಿಷಯದಲ್ಲಿ ಎಷ್ಟೋ ಮೇಲು. ಮೊದಲ ವರ್ಷದಲ್ಲಿ ಐದು ಕಂತುಗಳಲ್ಲಿ 23 ದಿನ, ಆಮೇಲೆ ನವಜಾತ ಶಿಶುವಿನ ಆರೈಕೆ ಮುಂತಾದವುಗಳಿಗೆ ನಾಲ್ಕು ಕಂತುಗಳಲ್ಲಿ 20 ದಿನ ಎಂದು ಗೊತ್ತುಮಾಡಿದ್ದರು. ಒಟ್ಟು 43 ದಿನ. ನಮ್ಮ ಹೆಣ್ಣುಮಕ್ಕಳು ಹೊಲಿಗೆ ಕಲಿಯಲು ಆರು ತಿಂಗಳು ಹೋಗುತ್ತಾರೆ. ನರ್ಸಿಂಗ್ ಡಿಪ್ಲೊಮಾಕ್ಕೆ ಮೂರು ವರ್ಷ. ಆಶಾ ಕಾರ್ಯಕರ್ತೆ ನರ್ಸ್ ಅಲ್ಲ ನಿಜ, ಅವಳಿಗೆ ಇಂಜೆಕ್ಷನ್ ಕೊಡುವ ಕೆಲಸವಿಲ್ಲ. ಆದರೆ ಅವಳ ಚೀಲಕ್ಕೆ ವರ್ಷ ವರ್ಷ ಹೊಸ ಹೊರೆ ಸೇರುತ್ತಿದೆ. ಬಸುರಿಯರ ನೋಂದಣಿ, ತಾಯಿ ಕಾರ್ಡು, ಲಸಿಕೆ ಎಂದು ಆರಂಭವಾದದ್ದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿರುವವರನ್ನು ಗುರುತಿಸಿ ಕಫ ಪರೀಕ್ಷೆಗೆ ಕಳಿಸುವುದು, ಕುಷ್ಠದ ಮಚ್ಚೆ ನೋಡುವುದು, ಡೆಂಗ್ಯೂ ಬಂದಾಗ ನೀರಿನ ತೊಟ್ಟಿ ನೋಡುವುದು. ಮೂವತ್ತು ದಾಟಿದವರ ಮನೆಗೆ ಹೋಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವವಿದೆಯೇ ಎಂದು ಪಟ್ಟಿ ಹಿಡಿದು ಪ್ರಶ್ನೆ ಕೇಳುವುದು. ಈ ದೊಡ್ಡ ವಿಷಯಕ್ಕೆ ಅವಳಿಗೆ ಸಿಕ್ಕ ತರಬೇತಿ ಐದು ದಿನ. 2020ರಲ್ಲಿ ಕೋವಿಡ್ ಬಂದಾಗ ಎಲ್ಲರೂ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ ಬಾಗಿಲು ತಟ್ಟಲು ಕಳಿಸಿದ್ದು ಇವಳನ್ನೇ. ಇದರ ಮೇಲೆ ಮೊಬೈಲ್ ಆಪ್. ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲವೆಂದು ಮರದ ಕೆಳಗೆ, ಬಸ್ ನಿಲ್ದಾಣದಲ್ಲಿ ನಿಂತು ಮಾಹಿತಿ ತುಂಬುವವರನ್ನು ನೀವೂ ನೋಡಿದ್ದೀರಿ.

ಕೆಲವು ವರ್ಷಗಳ ಹಿಂದೆ ಒಂದು ತರಬೇತಿಯನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಎಲ್ಲಿ, ಯಾರದು ಎಂದು ಹೇಳುವುದಿಲ್ಲ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ತರಬೇತುದಾರರು ಓದುತ್ತಿದ್ದರು, ಹೆಂಗಸರು ಕೈಗೆ ಸಿಕ್ಕಿದಷ್ಟನ್ನು ಬರೆದುಕೊಳ್ಳುತ್ತಿದ್ದರು. ಊಟಕ್ಕೆ ಮೊದಲು "ಡೌಟ್ ಇದ್ದರೆ ಕೇಳಿ" ಎಂದರು. ಒಬ್ಬಾಕೆ ಎದ್ದು ನಿಂತು ಕೇಳಿದಳು: "ಸಾರ್, ನೀವು ಹೇಳಿದ್ದೆಲ್ಲ ಸರಿ. ಆರು ತಿಂಗಳು ಎದೆಹಾಲು ಬಿಟ್ಟು ಏನೂ ಕೊಡಬೇಡಿ ಅಂತ ನಾನು ಹೇಳ್ತೀನಿ. ಮಗುವಿನ ಅಜ್ಜಿ 'ನಾನು ಐದು ಹೆತ್ತಿದ್ದೀನಿ, ನೀನು ಎಷ್ಟು ಹೆತ್ತೆ' ಅಂತಾರೆ. ಅವಾಗ ನಾನು ಏನು ಹೇಳ್ಲಿ?" ಸಭೆಯಲ್ಲಿ ನಗು. ತರಬೇತುದಾರರೂ ನಕ್ಕು, "ಅದನ್ನೆಲ್ಲ ನೀವೇ ಮ್ಯಾನೇಜ್ ಮಾಡ್ಬೇಕಮ್ಮ" ಎಂದು ಊಟಕ್ಕೆ ಬಿಟ್ಟರು.

ಆ ದಿನ ಆ ಕೋಣೆಯಲ್ಲಿ ಎದ್ದ ಒಂದೇ ನಿಜವಾದ ಪ್ರಶ್ನೆ ಅದು, ಮತ್ತು ಅದಕ್ಕೇ ಉತ್ತರ ಸಿಗಲಿಲ್ಲ. ಆರೋಗ್ಯದ ತಿಳಿವಳಿಕೆ ಹರಡುವ ಕೆಲಸದಲ್ಲಿ ರೋಗದ ಹೆಸರು, ಮಾತ್ರೆಯ ಲೆಕ್ಕ ಕಲಿಯುವುದು ಅರ್ಧ. ಇನ್ನರ್ಧ ಮಾತು. ಯಾರ ಹತ್ತಿರ ಮೊದಲು ಮಾತಾಡಬೇಕು, ಅತ್ತೆಯ ಮುಂದೆ ಸೊಸೆಯನ್ನು ಏನು ಕೇಳಬಾರದು, ಕುಡಿದು ಬಂದ ಗಂಡನಿರುವ ಮನೆಗೆ ಯಾವ ಹೊತ್ತಿಗೆ ಹೋಗಬೇಕು, ಕ್ಷಯವೆಂದು ತಿಳಿದವನ ಗುಟ್ಟನ್ನು ಬೀದಿಗೆ ಬೀಳದಂತೆ ಹೇಗೆ ಕಾಯಬೇಕು, ಲಂಬಾಣಿ ತಾಂಡಾದಲ್ಲಿ, ಉರ್ದು ಮಾತಾಡುವ ಓಣಿಯಲ್ಲಿ ಯಾರ ನೆರವು ಕೇಳಬೇಕು. ಇದನ್ನು ಪರದೆಯ ಮೇಲೆ ಓದಿ ಕಲಿಸಲಾಗದು, ಆಡಿ ತೋರಿಸಬೇಕು. ಒಬ್ಬಳು ಅಜ್ಜಿಯಾಗಬೇಕು, ಒಬ್ಬಳು ಸೊಸೆಯಾಗಬೇಕು, ಒಬ್ಬಳು ಬಾಗಿಲು ತಟ್ಟಬೇಕು. ಅನುಭವವಿರುವ ಧರ್ಮಭಗಿನಿಯೊಬ್ಬರು ಹೀಗೆ ಕಲಿಸಿದ್ದನ್ನೂ ನಾನು ನೋಡಿದ್ದೇನೆ. ಅಲ್ಲಿ ಅಜ್ಜಿಯ ಪಾತ್ರದವಳು ಗದರಿದಾಗ ಬಾಗಿಲು ತಟ್ಟಿದವಳು ಹೇಳಿದಳು: "ಅಜ್ಜಿ, ಐದು ಮಕ್ಕಳನ್ನು ಸಾಕಿದವರು ನೀವು. ನಿಮ್ಮ ಕೈಯಲ್ಲೇ ಈ ಕೂಸು ಚೆನ್ನಾಗಿ ಆಗಬೇಕು. ಗಿಣ್ಣದ ಹಾಲು ಹಿಂಡಿ ಚೆಲ್ಲದೆ ಕುಡಿಸೋದಕ್ಕೆ ಸೊಸೆಗೆ ನೀವೇ ಹೇಳಿ, ನನ್ನ ಮಾತಿಗಿಂತ ನಿಮ್ಮ ಮಾತು ಕೇಳ್ತಾಳೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸಿಸ್ಟರಮ್ಮ ಮಾತ್ರ ತಟ್ಟಲಿಲ್ಲ. "ಸರಿ, ಅಜ್ಜಿ ಇದಕ್ಕೂ ಒಪ್ಪಲಿಲ್ಲ, ಮುಂದೇನು?" ಎಂದು ಕೇಳಿದರು.

ಕಲಿತು ಸೇವೆ ಮಾಡಬೇಕೆಂಬ ಈ ಹಟ ನಮ್ಮ ಧರ್ಮಸಭೆಗೆ ಹೊಸದಲ್ಲ, ಆದರೆ ಸುಲಭವಾಗಿ ಬಂದದ್ದೂ ಅಲ್ಲ. ನಮ್ಮ ಧರ್ಮಭಗಿನಿಯರು ಹೆರಿಗೆ ಮಾಡಿಸುವುದಕ್ಕೆ ಒಂದು ಕಾಲದಲ್ಲಿ ಧರ್ಮಸಭೆಯ ಕಟ್ಟಳೆಯೇ ಅಡ್ಡವಿತ್ತು. 1936ರಲ್ಲಷ್ಟೇ ರೋಮ್ ಆ ಬಾಗಿಲನ್ನು ತೆರೆಯಿತು. ಅದಕ್ಕಿಂತ ಹದಿನಾರು ವರ್ಷ ಮೊದಲೇ, 1920ರಲ್ಲಿ, ಆಸ್ಟ್ರೇಲಿಯದ ಮೇರಿ ಗ್ಲೌರಿ ಎಂಬ ವೈದ್ಯೆ ಆಂಧ್ರದ ಗುಂಟೂರಿಗೆ ಬಂದು, ಯೇಸು ಮರಿ ಜೋಸೆಫರ ಸಭೆಯ ಭಗಿನಿಯಾದರು. ಜಗದ್ಗುರು ಹದಿನೈದನೆಯ ಬೆನೆಡಿಕ್ಟ್ ಅವರ ವಿಶೇಷ ಅನುಮತಿಯಿಂದ ವೈದ್ಯಸೇವೆ ಮುಂದುವರಿಸಿದರು. ಒಬ್ಬರೇ ಡಾಕ್ಟರು, ಸಾಲುಗಟ್ಟಿ ನಿಂತ ರೋಗಿಗಳು. ತಾನೊಬ್ಬಳೇ ದುಡಿದರೆ ಈ ಸಾಲು ಕರಗದು ಎಂದು ಅವರಿಗೆ ತಿಳಿದಿತ್ತು. ಅಲ್ಲಿನ ಹೆಣ್ಣುಮಕ್ಕಳಿಗೇ ಔಷಧಿ ಕೊಡುವುದು, ಹೆರಿಗೆ ನೋಡುವುದು, ರೋಗಿಗಳ ಶುಶ್ರೂಷೆ ಮಾಡುವುದನ್ನು ಕಲಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಇಂದಿನ ಭಾರತ ಕಥೋಲಿಕ ಆರೋಗ್ಯ ಸಂಘ ಅದೇ. ಕಥೋಲಿಕ ವೈದ್ಯಕೀಯ ಕಾಲೇಜು ಬೇಕೆಂಬುದು ಅವರ ಕನಸಾಗಿತ್ತು. ಅವರು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ತೀರಿಕೊಂಡರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು.  ತಾವು ಕಲಿತದ್ದನ್ನು ಊರ ಹೆಣ್ಣುಮಕ್ಕಳ ಕೈಗೆ ಕೊಟ್ಟ ಭಗಿನಿ ಅವರು. ಪ್ರಾರ್ಥಿಸುವಾಗ ಅದನ್ನೂ ನೆನೆಯೋಣ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಮುದಾಯದ ಆರೋಗ್ಯ ಕಾರ್ಯಕರ್ತರ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿದೆ. ಪರೀಕ್ಷೆಯ ಅಂಕ ಒಂದನ್ನೇ ನೋಡಿ ಆರಿಸಬೇಡಿ, ಊರವರು ಒಪ್ಪುವವಳೇ ನೋಡಿ ಎನ್ನುತ್ತದೆ. ತರಬೇತಿಯಲ್ಲಿ ಓದಿನಷ್ಟೇ ಕೈಕೆಲಸವೂ ಇರಲಿ, ಕಲಿತ ಮೇಲೆ ಪ್ರಮಾಣಪತ್ರ ಕೊಡಿ, ದುಡಿಮೆಗೆ ತಕ್ಕ ಸಂಬಳ ಕೊಡಿ, ಬರೆದ ಒಪ್ಪಂದ ಕೊಡಿ, ಮೇಲಕ್ಕೆ ಹೋಗುವ ದಾರಿ ತೋರಿಸಿ ಎನ್ನುತ್ತದೆ. ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹದಿನೈದು ವರ್ಷ ಮನೆಮನೆ ಸುತ್ತಿದವಳು ಹದಿನಾರನೆಯ ವರ್ಷವೂ ಅಲ್ಲೇ ಇರುತ್ತಾಳೆ. ಅವಳ ಅನುಭವ ಯಾವ ಕಾಗದದಲ್ಲೂ ಇಲ್ಲ. ಆಶಾ ಕಾರ್ಯಕರ್ತೆಯರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಯ ಮೂಲಕ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ ಮಾಡಿದೆ. ಹತ್ತನೆಯ ತರಗತಿ ಬಿಟ್ಟವರು ಅದೇ ಮುಕ್ತ ಶಾಲೆಯಲ್ಲಿ ಬರೆದು ಪಾಸಾಗಬಹುದು. ಬರೆಯಲು ಕೂರುವುದಕ್ಕೆ ಸಮಯ, ಫೀಸಿಗೆ ದುಡ್ಡು, ಗಣಿತ ಹೇಳಿಕೊಡುವವರು ಬೇಕಷ್ಟೆ.

ಇಲ್ಲಿಗೆ ನಮ್ಮ ಧರ್ಮಕೇಂದ್ರದ ಪಾಲು ಬಂತು. ಗಣಿತ ಹೇಳಿಕೊಡುವವರು ನಮ್ಮಲ್ಲಿ ಇದ್ದಾರೆ, ಈ ಪೀಠಗಳಲ್ಲೇ ಕುಳಿತಿದ್ದಾರೆ. ನಿವೃತ್ತ ಮೇಷ್ಟ್ರುಗಳು, ಟೀಚರಮ್ಮಂದಿರು ಎಷ್ಟು ಜನ! ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಕುವೈತ್, ದುಬೈಗಳಲ್ಲಿ ನರ್ಸ್ ಆಗಿರುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿ ಕಡಿಮೆ ಇಲ್ಲ. ರಜೆಗೆ ಬಂದಾಗ ಬಟ್ಟೆ ಅಂಗಡಿ, ಬಂಧುಗಳ ಮನೆ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕೊಡಿ. ರಕ್ತದೊತ್ತಡ ಸರಿಯಾಗಿ ನೋಡುವುದು ಹೇಗೆ, ಸಕ್ಕರೆ ಕಾಯಿಲೆಯವರ ಕಾಲನ್ನು ಪರೀಕ್ಷಿಸುವುದು ಹೇಗೆ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವುದು ಹೇಗೆ ಎಂದು ಕೈಹಿಡಿದು ತೋರಿಸಿ. ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಒಪ್ಪಿದ ಪಾಠವನ್ನೇ ಹೇಳಿ, ನಮ್ಮದೇ ಹೊಸ ವೈದ್ಯ ಬೇಡ. ನಮ್ಮ ಸಭಾಂಗಣ ತಿಂಗಳಲ್ಲಿ ಇಪ್ಪತ್ತು ದಿನ ಬೀಗ ಹಾಕಿಕೊಂಡೇ ಇರುತ್ತದೆ. ಮದುವೆಗಳಿಲ್ಲದ ದಿನ ಅದು ಈ ಹೆಣ್ಣುಮಕ್ಕಳಿಗೆ ಸಿಗಲಿ. ಫ್ಯಾನು, ನೀರು, ಕೂರಲು ಕುರ್ಚಿ, ಶೌಚಾಲಯ. ಇವಿಷ್ಟೂ ಸರಿಯಿಲ್ಲದ ಜಾಗಗಳಲ್ಲಿ ಅವರು ಕಲಿಯುತ್ತಿದ್ದಾರೆ. ಅವರಲ್ಲಿ ನಮ್ಮ ಸಭೆಯವರು ಒಬ್ಬಿಬ್ಬರು, ಉಳಿದವರು ಬೇರೆ ಬೇರೆ ಧರ್ಮದವರು. ಅದನ್ನು ಲೆಕ್ಕ ಹಾಕುವ ಅಗತ್ಯ ನಮಗಿಲ್ಲ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಮಗುವಿಗೆ ಭೇದಿಯಾದಾಗ ಒಂದು ಪೊಟ್ಟಣ ಓ.ಆರ್.ಎಸ್. ಪುಡಿಯನ್ನು ಪೂರ್ತಿ ಒಂದು ಲೀಟರ್ ನೀರಿಗೆ ಬೆರೆಸಿ, 24 ಗಂಟೆ ಕಳೆದರೆ ಚೆಲ್ಲಿ, ಹೊಸದು ಮಾಡಿ ಎಂದು ಅವಳು ಹೇಳುತ್ತಾಳೆ. ಭೇದಿ ನಿಂತ ಮೇಲೂ ಜಿಂಕ್ ಮಾತ್ರೆಯನ್ನು 14 ದಿನ ಪೂರ್ತಿ ಕೊಡಿ ಎನ್ನುತ್ತಾಳೆ. ನಾವು ಅರ್ಧ ಪೊಟ್ಟಣ, ಅರ್ಧ ಲೋಟ, ಮೂರು ದಿನ ಮಾತ್ರೆ ಎಂದು ನಮ್ಮ ಲೆಕ್ಕ ಮಾಡಿಕೊಳ್ಳುತ್ತೇವೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆಂದು ಬಾಯಾರಿಕೆಯಲ್ಲೇ ಇರಿಸುವ ಮನೆಗಳು ಇನ್ನೂ ಇವೆ. ಹಾಲುಣಿಸುವ ತಾಯಿಗೆ ನೀರು ಹೆಚ್ಚೇ ಬೇಕು ಎಂದು ಹತ್ತು ಸಲ ಹೇಳಿ ಹೋದ ಆಶಾ ಕಾರ್ಯಕರ್ತೆ ಹನ್ನೊಂದನೆಯ ಸಲ ಹೇಳಲು ಬಂದರೆ, ಅವಳಿಗೆ ಬೇರೆ ಕೆಲಸವಿಲ್ಲವೆಂದಲ್ಲ. ಅವಳನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಮಾತಾಡಬೇಡಿ. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಟಿವಿ ಆರಿಸಿ ಕೇಳಿ. ಗೊತ್ತಾಗದಿದ್ದರೆ ಪ್ರಶ್ನೆ ಕೇಳಿ. ಅವಳಿಗೂ ಉತ್ತರ ಗೊತ್ತಿಲ್ಲದಿದ್ದರೆ "ಕೇಳಿಕೊಂಡು ಬಾರಮ್ಮ" ಎಂದು ಕಳಿಸಿ. ಹೀಗೆ ಪ್ರಶ್ನೆ ಹೊತ್ತುಕೊಂಡು ಹೋಗುವವಳು ಮುಂದಿನ ತರಬೇತಿಯಲ್ಲಿ ಸುಮ್ಮನೆ ಕೂರುವುದಿಲ್ಲ.

ನಾಳೆ ಜೂನ್ ತಿಂಗಳು, ಶಾಲೆಗಳ ಹೊಸ ವರ್ಷದ ಕಾಲ. ಹತ್ತನೆಯ ತರಗತಿಯಲ್ಲಿ ಒಂದು ವಿಷಯ ಹೋಯಿತೆಂದು ಮನೆಯಲ್ಲೇ ಕುಳಿತ ಹುಡುಗಿಯರ ಪಟ್ಟಿಯನ್ನು ನಮ್ಮ ಕನ್ಯಾಸ್ತ್ರೀಮಠದವರು ಮಾಡುತ್ತಿದ್ದಾರೆ. ಹೆಸರು ಕೊಡಲು ನಾಚಿಕೊಳ್ಳಬೇಡಿ. ಫೀಸಿನ ವಿಷಯವನ್ನು ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರ ಹತ್ತಿರ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ.

ಇನ್ನೊಂದು ಸೂಚನೆ. ಬಲಿಪೂಜೆ ಮುಗಿದ ಮೇಲೆ ಹಬ್ಬದ ಪಾಯಸ ಸಭಾಂಗಣದಲ್ಲೇ ಇದೆ. ಅಲ್ಲಿಗೆ ನಮ್ಮ ಊರಿನ ಮತ್ತು ಪಕ್ಕದ ಎರಡು ಹಳ್ಳಿಗಳ ಆಶಾ ಕಾರ್ಯಕರ್ತೆಯರನ್ನು ಕರೆದಿದ್ದೇವೆ. ಅವರು ಬಾಣಂತಿ ಮತ್ತು ಕೂಸಿನ ಆರೈಕೆಯ ಬಗ್ಗೆ ಅರ್ಧ ಗಂಟೆ ಆಡಿ ತೋರಿಸುತ್ತಾರೆ. ಅಜ್ಜಿಯಂದಿರು ದಯವಿಟ್ಟು ಮುಂದಿನ ಸಾಲಿನಲ್ಲಿ ಕೂರಬೇಕು. ಅಜ್ಜಿಯ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವಂತೆ, ಧೈರ್ಯವಿರುವವರು ಒಬ್ಬರು ಮುಂದೆ ಬನ್ನಿ. ಯುವಕರು ಬೆಂಚುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿಕೊಡಿ.